ನಾನು ಸೇರಿಸಿದ ಒಂದು ಸಾಲು

ಮೈಸೂರು ಕಡೆಯ ಒಂದು ಮಾಸಪತ್ರಿಕೆಯವರು ಕಾಗದ ಬರೆದಿದ್ದಾರೆ. ಈಚೆಗೆ ತಾವು ಏನನ್ನು ಓದಿ, ಏನನ್ನು ಕೇಳಿ ಸಂತೋಷಪಡುತ್ತಿದ್ದೀರಿ, ಅದರಿಂದ ತಮ್ಮ ಬರವಣಿಗೆಗೆ ಏನು ಕಲಿತಿರಿ, ಎರಡು ಪುಟ ಮೀರದಂತೆ ತಿಳಿಸಬೇಕಂತೆ. ಇಂಥದ್ದಕ್ಕೆ ಉತ್ತರ ಬರೆಯುವುದು ಕಷ್ಟವಲ್ಲ. ಎರಡು ಕಾದಂಬರಿ, ಊಟಿಯಲ್ಲಿ ನೋಡಿದ ಒಂದು ಮಾತಿಲ್ಲದ ಚಿತ್ರ, ನಾಲ್ಕು ಗ್ರಾಮಫೋನು ಪ್ಲೇಟು, ಕೊನೆಗೆ ವಿನಯದ ಒಂದು ಮಾತು. ಹಾಗೇ ಮಾಡಿ ಮುಗಿಸೋಣವೆಂದು ಹಳೆಯ ಸಂಚಿಕೆಗಳನ್ನಿಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮುಗ್ಗಲು ಹಿಡಿದ ಕಾಗದದ ವಾಸನೆ, ಅದರೊಳಗೆ ಹಸಿ ಸೌದೆಯ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ಹೊಗೆ ಹೋಗಿಲ್ಲ. ಮುಚ್ಚಳ ಹಾಕಿ ಅದರ ಮೇಲೆಯೇ ಕೂತುಬಿಟ್ಟೆ. ಎರಡು ಪುಟ ನನಗೆ ಸಾಲದು.

ನಾನು ಬಹಳ ಓದಿದ ವರ್ಷ ಒಂದಿತ್ತು. ಓದಿದ್ದರಿಂದ ಬಹಳ ಕಲಿತೆ ಎಂದುಕೊಂಡಿದ್ದ ವರ್ಷವೂ ಅದೇ. ಮಹಾಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ಊಟಿಯಲ್ಲಿ ಓದು ಮುಗಿಸಿ ಕುಂದೆ ಸೀಮೆಯ ನಮ್ಮ ಹಟ್ಟಿಗೆ ಮರಳಿ, ಮಂಜೂರಿನ ಶಾಲೆಯಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ನಾವು ಬಡಗರು, ಹಟ್ಟಿ ಎಂದರೆ ನಮ್ಮ ಊರು. ನಮ್ಮ ಹಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಹನ್ನೆರಡು ಮನೆ, ಗೋಡೆಗೆ ಗೋಡೆ ಅಂಟಿಕೊಂಡು. ಒಂದು ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಯವರಿಗೆ ನಿದ್ದೆ ಕೆಡುತ್ತಿತ್ತು. ಎದುರಿಗೆ ಉದ್ದದ ಅಂಗಳ, ಕೊನೆಯಲ್ಲಿ ದನದ ದೊಡ್ಡಿ, ಅದರ ಕೆಳಗೆ ಆಲೂಗಡ್ಡೆ ಹೊಲ, ಹೊಲದ ಕೆಳಗೆ ಮಂಜು. ಚಿಕ್ಕಂದಿನಲ್ಲೇ ತಂದೆತಾಯಿ ಹೋಗಿದ್ದರಿಂದ ನನ್ನನ್ನು ಸಾಕಿದವರು ದೊಡ್ಡಪ್ಪ ಹಾಲ ಮತ್ತು ದೊಡ್ಡವ್ವೆ. ಅವರಿಗೆ ಮಕ್ಕಳಿರಲಿಲ್ಲ.

ಮಂಜೂರಿನಲ್ಲಿ ಗುಂಡ್ಲುಪೇಟೆ ಕಡೆಯ ಶೆಟ್ಟರೊಬ್ಬರ ಜವಳಿ ಅಂಗಡಿ ಇತ್ತು. ಕಂಬಳಿ, ಸೀರೆ, ಕೊಡೆ ಮಾರುತ್ತಿದ್ದರು. ಅವರಿಗೆ ಎರಡು ಹುಚ್ಚು, ಗ್ರಾಮಫೋನು ಮತ್ತು ಮಾಸಪತ್ರಿಕೆ. ಹದಿನೈದು ದಿನ ತಡವಾಗಿ, ಅಂಚು ನೆನೆದು ಬರುತ್ತಿದ್ದ ಪತ್ರಿಕೆಯನ್ನು ಅವರು ಓದಿ ನನಗೆ ಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪ್ಲೇಟು ಹಾಕುತ್ತಿದ್ದರು. ನಾಟಕದ ಪ್ಲೇಟು ಒಂದಿತ್ತು, ಮಗು ಸತ್ತ ತಾಯಿಯೊಬ್ಬಳು ಅಳುವುದು. ಅರ್ಧದಲ್ಲಿ ಮುಳ್ಳು ಎತ್ತಿ ಶೆಟ್ಟರು ನನ್ನನ್ನು ಕೇಳಿದರು:

"ಏನ್ ಮೇಷ್ಟ್ರೇ, ಕಣ್ಣಲ್ಲಿ ನೀರು ಬಂತಾ?"

"ಬಂತು."

"ಯಾಕ್ ಬಂತು ಹೇಳಿ. ಅವಳು ಮಗೂ ಹೆಸರು ಹಿಡಿದು ಅಳ್ತಾಳೆ. ಅದರ ಕಾಲಿನ ಗೆಜ್ಜೆ, ಅದು ಚೆಲ್ಲಿದ ಹಾಲು, ಎಲ್ಲ ಹೇಳ್ತಾಳೆ. ಬರೀ ಮಗು ಮಗು ಅಂತ ಕೂಗಿದ್ರೆ ನಾನು ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ತಿದ್ದೆ ಕಣಯ್ಯ."

ಇದು ನನ್ನ ತಲೆಗೆ ಹೊಕ್ಕಿತು. ಆ ಮೇಲೆ ನಾನು ಪತ್ರಿಕೆಗೆ ಕಳಿಸಿದ್ದ ಮೊದಲ ಕಥೆ ಹಿಂದಕ್ಕೆ ಬಂತು. ಅದರ ಅಂಚಿನಲ್ಲಿ ಸಂಪಾದಕರು ಕೆಂಪು ಶಾಯಿಯಲ್ಲಿ, ಇದು ಎಲ್ಲರ ಕಥೆ, ಯಾರ ಕಥೆಯೂ ಅಲ್ಲ, ಒಬ್ಬನನ್ನು ಹಿಡಿದು ಬರೆಯಿರಿ, ಎಂದು ಗೀಚಿದ್ದರು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಆ ಹಾಳೆಯನ್ನೇ ಗೋಡೆಗೆ ಅಂಟಿಸಿದೆ. ಅಲ್ಲಿಂದ ನನ್ನ ಓದಿನ ದಿಕ್ಕೇ ಬೇರೆಯಾಯಿತು. ಪ್ರತಿ ಕಥೆಯಲ್ಲೂ ಆ ಒಬ್ಬನೇ ಮಾಡಿದ, ಬೇರೆ ಯಾರೂ ಮಾಡದ ಒಂದು ಕೆಲಸ ಎಲ್ಲಿದೆಯೆಂದು ಹುಡುಕಿ ಅಡಿಗೆರೆ ಹಾಕುತ್ತಿದ್ದೆ. ಸಿಕ್ಕಿದಾಗ ಹೊಟ್ಟೆ ತುಂಬ ಉಂಡಷ್ಟು ಸುಖ.

ನಾನು ಆ ವರ್ಷ ಕಲಿಯುತ್ತಿದ್ದ ಮೂರನೆಯದು ಪುಸ್ತಕದಲ್ಲಿರಲಿಲ್ಲ, ಪ್ಲೇಟಿನಲ್ಲೂ ಇರಲಿಲ್ಲ. ಅದು ನಮ್ಮ ಹಟ್ಟಿಯ ಹಿರಿಯ ಜೋಗಿಯ ಬಾಯಲ್ಲಿತ್ತು. ನಮ್ಮಲ್ಲಿ ಯಾರಾದರೂ ಸತ್ತರೆ, ಹೆಣ ಎತ್ತುವ ಮೊದಲು, ಹಿರಿಯನೊಬ್ಬ ತಲೆಯ ಕಡೆ ನಿಂತು ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಕರು ಹರಚುವುದು ಎನ್ನುತ್ತೇವೆ. ಹಿಂದೆ ಒಂದು ಕರುವನ್ನು ತಂದು, ಆ ಪಾಪವನ್ನೆಲ್ಲ ಅದರ ಮೇಲೆ ಹಾಕಿ ಕಾಡಿಗೆ ಬಿಡುತ್ತಿದ್ದರಂತೆ. ನಮ್ಮ ಹಟ್ಟಿಯಲ್ಲಿ ಆಗಲೇ ಕರು ಹೋಗಿ ಮಾತು ಮಾತ್ರ ಉಳಿದಿತ್ತು. ಕರುವಿಗೆ ಬಿಡದೆ ಹಾಲು ಹಿಂಡಿಕೊಂಡ ಪಾಪ, ಎನ್ನುತ್ತಾನೆ ಹಿರಿಯ. ಹೋಗಲಿ, ಎನ್ನುತ್ತದೆ ಸುತ್ತ ನಿಂತ ಜನ. ನೆರೆಯವನ ಬೆಳೆಗೆ ದನ ಬಿಟ್ಟ ಪಾಪ. ಹೋಗಲಿ. ಬಾಯಾರಿ ಬಂದ ಹಸುವನ್ನು ನೀರಿನಿಂದ ಅಟ್ಟಿದ ಪಾಪ. ಹೋಗಲಿ. ಮಳೆಯಲ್ಲಿ ಬಂದವರಿಗೆ ಬಾಗಿಲು ತೆರೆಯದ ಪಾಪ. ಹೋಗಲಿ. ಹೀಗೆ ನೂರಾರು. ಜನ ಹೋಗಲಿ ಎಂದರೇನೇ ಪಾಪ ಹೋಗುವುದು. ಆ ಮೇಲೆಯೇ ಸತ್ತವನು ನೂಲಿನ ಸೇತುವೆ ದಾಟಿ ಆಚೆ ಲೋಕ ಸೇರುವುದು. ಹೊರೆ ಇಳಿಯದಿದ್ದರೆ ನೂಲು ಹರಿಯುತ್ತದೆ ಎಂದು ನಮ್ಮವರ ನಂಬಿಕೆ.

ಜೋಗಿಗೆ ಎಪ್ಪತ್ತು ದಾಟಿತ್ತು, ಎದೆಯಲ್ಲಿ ಸದಾ ಗೊರಗೊರ. ಆ ಮಾತುಗಳು ಅವನೊಂದಿಗೇ ಹೋಗಿಬಿಡಬಾರದೆಂದು ನಾನು ಆ ಬೇಸಿಗೆಯ ಭಾನುವಾರಗಳಲ್ಲಿ ಅವನ ಒಲೆಯ ಮುಂದೆ ಕೂತು ಎಲ್ಲವನ್ನೂ ಬರೆದುಕೊಂಡೆ, ಬಾಯಿಪಾಠವೂ ಮಾಡಿದೆ. ಅವನಿಗೆ ನನ್ನನ್ನು ಕಂಡರೆ ತಮಾಷೆ. ನಮ್ಮ ಮಾತನ್ನು ಇದ್ದಂತೆಯೇ ಬರೆದರೆ ಓದುವವರಿಗೆ ತೊಡಕಾದೀತೆಂದು ಇಲ್ಲಿ ಸ್ವಲ್ಪ ಸಡಿಲ ಮಾಡಿದ್ದೇನೆ.

"ಮೇಷ್ಟ್ರೇ, ಸಾಯೋದು ನಾವು, ಬರಿಯೋದು ನೀ. ಒಳ್ಳೆ ಕೆಲಸ ಹಿಡಿದೆ," ಎನ್ನುತ್ತಿದ್ದ.

ಒಂದು ಭಾನುವಾರ ಅವನನ್ನು ಕೇಳಿದೆ: "ಎಲ್ಲರಿಗೂ ಒಂದೇ ಪಟ್ಟಿ ಹೇಳ್ತೆಯಲ್ಲ. ಹಾಲು ಕಳ್ಳನಿಗೂ ಅದೇ, ಹೂವಿನಂಥ ಮುದುಕಿಗೂ ಅದೇ. ಮಾಡದ ಪಾಪ ಯಾಕೆ ಹೇಳಬೇಕು?"

ಜೋಗಿ ಬೆಂಕಿಗೆ ಒಂದು ಕೊಳ್ಳಿ ದೂಡಿದ. "ಹಂಗೇ ಹೇಳೋದು," ಎಂದನೇ ಹೊರತು ಕಾರಣ ಹೇಳಲಿಲ್ಲ. ನಾನು ಮನಸ್ಸಿನಲ್ಲೇ ಕೆಂಪು ಶಾಯಿ ತೆಗೆದುಕೊಂಡು, ಇದು ಎಲ್ಲರ ಕಥೆ, ಯಾರ ಕಥೆಯೂ ಅಲ್ಲ, ಎಂದು ಗುರುತು ಹಾಕಿದೆ. ಇಪ್ಪತ್ತೆರಡು ವರ್ಷದ ತಲೆಗೆ ಆವತ್ತು ಎಷ್ಟು ಸೊಕ್ಕು ಏರಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಳೆ ಶುರುವಾಯಿತು. ಕುಂದೆಯ ಮಳೆ ಊಟಿಯ ಮಳೆಯಂತಲ್ಲ. ಪಡುವಣದಿಂದ ಬಂದು ಗುಡ್ಡ ಹಿಡಿದುಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಎದುರಿನ ಮನುಷ್ಯ ಹತ್ತು ಮಾರು ದೂರ ಹೋದರೆ ಕಾಣಿಸುವುದಿಲ್ಲ, ದನಿ ಮಾತ್ರ ಬರುತ್ತದೆ. ಒಲೆ ಆರಬಾರದು, ಆರಿದರೆ ಕಂಬಳಿಯೂ ಒದ್ದೆ, ಮೈಯೂ ಒದ್ದೆ. ಆ ಮಳೆಯ ಎರಡನೇ ವಾರ ದೊಡ್ಡಪ್ಪ ಹಾಸಿಗೆ ಹಿಡಿದರು. ಹೊಟ್ಟೆ ಊದಿಕೊಂಡಿತು, ಕಾಲಿನಲ್ಲಿ ನೀರು ತುಂಬಿತು. ಊಟಿಯ ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಣವೆಂದರೆ ಕೈ ಆಡಿಸಿ ಬೇಡವೆಂದರು. ದೊಡ್ಡವ್ವೆ ಅವರ ಪಾದ ತಿಕ್ಕುತ್ತ ಹಗಲೆಲ್ಲ ಕೂತಿರುತ್ತಿದ್ದಳು. ನಾನು ಸಂಜೆ ಬಂದು ಪತ್ರಿಕೆ ಹಿಡಿದು ಕೂರುತ್ತಿದ್ದೆ. ಕಣ್ಣು ಅಕ್ಷರದ ಮೇಲಿದ್ದರೂ ಕಿವಿ ಅವರ ಉಸಿರಿನ ಮೇಲಿತ್ತು. ಅವರು ಹೋದರೆ ದೊಡ್ಡವ್ವೆಯ ಹೊರತು ನನಗೆ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡವ್ವೆ ನೀರಿಗೆ ಹೋದಾಗ ದೊಡ್ಡಪ್ಪ ನನ್ನ ಮುಂಗೈ ಹಿಡಿದರು.

"ಮಗ, ಜ್ವರದ ವರ್ಷ ನೀ ಊಟೀಲಿದ್ದೆ."

ಯುದ್ಧ ಮುಗಿಯುವ ಹೊತ್ತಿಗೆ ಬಂದ ಆ ಜ್ವರ ಬೆಟ್ಟವನ್ನೆಲ್ಲ ಬಳಿದುಕೊಂಡು ಹೋಗಿತ್ತು. ನಮ್ಮ ಹಟ್ಟಿಯೊಂದರಲ್ಲೇ ಪ್ರತಿ ಮನೆಯಿಂದಲೂ ಹೆಣ ಎದ್ದಿತ್ತು. ಪಕ್ಕದ ಮನೆಯ ಬೆಳ್ಳನ ಹೆಂಡತಿ ಮಾಸಿ ಸತ್ತದ್ದೂ ಆಗಲೇ. ತವರಿನ ಹಟ್ಟಿಯಲ್ಲಿ ಸಾವೆಂದು ಹೋದವಳು ಜ್ವರ ಹೊತ್ತು ಮಳೆಯಲ್ಲಿ ವಾಪಸು ಬರುತ್ತ, ಹಟ್ಟಿ ತಲುಪುವ ಮೊದಲೇ ಕೆಳಗಿನ ದಾರಿಯಲ್ಲಿ ಬಿದ್ದು ಸತ್ತಳು ಎಂದು ಎಲ್ಲರೂ ಹೇಳುತ್ತಿದ್ದರು. ಬೆಳ್ಳ ಆಗ ಆಲೂಗಡ್ಡೆ ಹೊರೆಯೊಂದಿಗೆ ವೆಲ್ಲಿಂಗ್ಟನ್ನಿಗೆ ಹೋಗಿದ್ದ.

"ಅವಳು ತಲುಪಿದ್ದಳು," ಎಂದರು ದೊಡ್ಡಪ್ಪ. "ಸಂಜೆ ಮಂಜಲ್ಲಿ ಬಂದು ಎನ್ನ ಬಾಗಿಲು ತಟ್ಟಿದಳು. ಒಳಗಿಂದ ಬಾಗಿಲಿಗೆ ಅಡ್ಡಮರ ಕೊಟ್ಟಿದ್ದೆ. ತೆಗೀಲಿಲ್ಲೆ. ಭಯ ಮಗ, ಬರೀ ಭಯ. ಸ್ವಲ್ಪ ಹೊತ್ತು ತಟ್ಟಿ ಹೋದಳು. ಬೆಳಿಗ್ಗೆ ದಾರೀಲಿ ಬಿದ್ದಿದ್ದಳು."

ಅವರ ಬೆರಳು ನನ್ನ ಕೈಯನ್ನು ಒತ್ತುತ್ತಲೇ ಇತ್ತು.

"ಜೋಗಿ ಆ ಮಾತು ಹೇಳ್ತಾನಲ್ಲ, ಬಾಗಿಲಿನ ಮಾತು. ಅದು ಬಂದಾಗ ನೀ ಗಟ್ಟಿಯಾಗಿ ಹೋಗಲಿ ಅನ್ನು. ಎಲ್ಲರಿಗಿಂತ ಗಟ್ಟಿಯಾಗಿ. ಅಷ್ಟು ಮಾಡ್ತೆಯಾ?"

"ಮಾಡ್ತೆ ದೊಡ್ಡಪ್ಪ."

ಅಷ್ಟೇ ಅವರು ಕೇಳಿದ್ದು. ಇದಕ್ಕಿಂತ ಚಿಕ್ಕ ಬೇಡಿಕೆಯನ್ನು ಸಾಯುವ ಮನುಷ್ಯನೊಬ್ಬ ಕೇಳಲಾರ. ನಾಲ್ಕು ದಿನ ಬಿಟ್ಟು ಬೆಳಗಿನ ಹೊತ್ತು ಅವರ ಪ್ರಾಣ ಹೋಯಿತು.

ಹೆಣವನ್ನು ಅಂಗಳದ ಕೊನೆಯ ಹುಲ್ಲಿನ ಮೇಲೆ ಮಲಗಿಸಿದರು. ಮಳೆ ಸಣ್ಣದಾಗಿತ್ತು, ಮಂಜು ಇತ್ತು. ಅಕ್ಕಪಕ್ಕದ ಹಟ್ಟಿಗಳವರೂ ಬಂದು ಬಿಳಿಯ ಹೊದಿಕೆ ಹೊದ್ದು ಸುತ್ತ ನಿಂತಿದ್ದರು. ಜೋಗಿ ತಲೆಯ ಕಡೆ ಬಂದು ಶುರುಮಾಡಿದ. ಏಳೆಂಟು ಪಾಪ ಹೇಳುವಷ್ಟರಲ್ಲಿ ಕೆಮ್ಮು ಹಿಡಿಯಿತು. ಮತ್ತೆ ಶುರುಮಾಡಿದ, ಮತ್ತೆ ಕೆಮ್ಮು. ಮೂರನೆಯ ಸಲ ಅವನ ದನಿಯೇ ಹೊರಡಲಿಲ್ಲ. ನಡುವೆ ನಿಲ್ಲಿಸಿದರೆ ಸತ್ತವನಿಗೆ ಕೇಡು. ಜನ ಮುಖಮುಖ ನೋಡಿಕೊಂಡರು. ಜೋಗಿ ನನ್ನ ಕಡೆ ಕೈಮಾಡಿದ.

ನಾನು ಹೋಗಿ ತಲೆಯ ಕಡೆ ನಿಂತೆ. ಮೊದಲ ಎರಡು ಸಾಲು ತೊದಲಿದೆ. ಆಮೇಲೆ ದನಿ ತಾನೇ ಬಂತು. ಒಂದೊಂದು ಪಾಪಕ್ಕೂ ಜನ ಹೋಗಲಿ ಎನ್ನುತ್ತಿದ್ದರು, ಆ ದನಿ ನನ್ನನ್ನು ಎತ್ತಿಕೊಂಡು ಮುಂದೆ ಹೋಗುತ್ತಿತ್ತು. ಹಸುವಿನ ಪಾಪ ಬಂತು, ಹೋಗಲಿ ಎಂದರು. ಮುಂದಿನದು ಬಾಗಿಲಿನ ಪಾಪ.

ಇಲ್ಲಿ ನಾನು ಸುಳ್ಳು ಹೇಳಬಾರದು. ದೊಡ್ಡಪ್ಪನ ಎದೆಯಲ್ಲಿ ಆರೇಳು ವರ್ಷ ಕೂತಿದ್ದ ಭಾರಕ್ಕೆ ಎಲ್ಲರಿಗೂ ಹೇಳುವ ಹಳೆಯ ಮಾತು ಸಾಲದು, ಅವರದನ್ನು ಅವರದೆಂದೇ ಹೇಳಿದರೆ ಪೂರ್ತಿ ಹೋದೀತು ಎಂದು ಆ ಕ್ಷಣ ನನಗೆ ನಿಜವಾಗಿ ಅನ್ನಿಸಿತು. ಅದು ಅರ್ಧ. ಇನ್ನರ್ಧ ಬೇರೆ. ನಾನು ಕಲಿತದ್ದನ್ನೆಲ್ಲ ತೋರಿಸುವ ಜಾಗ ಸಿಕ್ಕಿತ್ತು.

"ಜ್ವರದ ವರ್ಷ, ಸಂಜೆಯ ಮಂಜಿನಲ್ಲಿ, ಬೆಳ್ಳನ ಹೆಂಡತಿ ಮಾಸಿ ಬಂದು ಬಾಗಿಲು ತಟ್ಟಿದಾಗ, ಒಳಗಿದ್ದೂ ತೆರೆಯದ ಪಾಪ," ಎಂದೆ.

ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಸ್ತಬ್ಧರಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡು ಉಸಿರಿನಷ್ಟು ಹೊತ್ತು, ದೇವರಾಣೆ, ನನಗೆ ಸಂತೋಷವಾಯಿತು. ಆಮೇಲೆ ಹೋಗಲಿ ಬರಲಿಲ್ಲವೆಂದು ಗೊತ್ತಾಯಿತು.

ಕಾದೆ. ಬರಲಿಲ್ಲ. ನಾನೇ ಹೇಳಬೇಕೆಂದರೆ ಪಾಪ ಹೇಳಿದವನು ಹೋಗಲಿ ಎನ್ನುವಂತಿಲ್ಲ, ಅದು ಜನರ ಬಾಯಿಂದ ಬರಬೇಕು. ಹಟ್ಟಿಯ ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು. ಒಂದೇ ಸಾಲಿನ ಹನ್ನೆರಡು ಮನೆಯಲ್ಲಿ ಒಂದು ಬಾಗಿಲು ತಟ್ಟಿದರೆ ಉಳಿದ ಹನ್ನೊಂದಕ್ಕೂ ಕೇಳಿಸುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಯಾರ ಬಾಗಿಲೂ ತೆರೆದಿರಲಿಲ್ಲ.

ಬೆಳ್ಳ ಗುಂಪಿನಿಂದ ಈಚೆ ಬಂದ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಸಾಧು. ಹೆಣದ ಕಾಲಿನ ಬಳಿ ನಿಂತು ದೊಡ್ಡಪ್ಪನ ಮುಖ ನೋಡಿದ.

"ಇವ ಎನ್ನ ಜೊತೆ ಅವಳ ಹೆಣ ಹೊತ್ತ," ಎಂದ. "ಹೆಗಲು ಕೊಟ್ಟ. ಎನ್ನ ಜೊತೆ ಅತ್ತ."

ಅಷ್ಟೇ ಹೇಳಿ ಹೊದಿಕೆ ಸರಿಮಾಡಿಕೊಂಡು ಹೊರಟುಹೋದ. ಅವನ ಹಿಂದೆ ಅವನ ಬಂಧುಗಳು ಹೋದರು. ಬೇರೆ ಹಟ್ಟಿಯವರೂ ಗೊಂದಲದಲ್ಲಿ ಹಿಂದೆ ಸರಿದರು. ದೊಡ್ಡವ್ವೆ ಹೆಣದ ಪಕ್ಕದಿಂದ ಎದ್ದು, ಎರಡೂ ಕೈ ಚಾಚಿ, "ಹೋಗಲಿ ಅನ್ನಿ, ಯಾರಾದರೂ ಅನ್ನಿ," ಎಂದು ಜನರನ್ನು ಬೇಡಿಕೊಂಡಳು. ಹೆಂಡತಿಯ ಬಾಯಿಂದಲೂ ಅದು ಸಲ್ಲದು. ಒಬ್ಬರೂ ಬಾಯಿ ತೆರೆಯಲಿಲ್ಲ. ಜೋಗಿ ನನ್ನನ್ನು ಪಕ್ಕಕ್ಕೆ ತಳ್ಳಿ, ಉಳಿದದ್ದನ್ನು ಪಿಸುದನಿಯಲ್ಲೇ ಹೇಳಿ ಮುಗಿಸಿದ. ಉಳಿದ ಪಾಪಗಳಿಗೆ ಅಲ್ಲೊಂದು ಇಲ್ಲೊಂದು ಹೋಗಲಿ ಬಂತು. ಬಾಗಿಲಿನ ಪಾಪ ಹಾಗೇ ಉಳಿಯಿತು. ಹಾಗೇ ಹೊತ್ತುಕೊಂಡು ಹೋದೆವು.

ಆ ಮಳೆಗಾಲದ ಉಳಿದ ದಿನಗಳನ್ನು ಹೇಗೆ ಕಳೆದೆನೋ ಗೊತ್ತಿಲ್ಲ. ಬೆಳ್ಳನ ಮನೆಯವರು ನಮ್ಮ ಮನೆಯಿಂದ ಕೆಂಡ ಒಯ್ಯುವುದನ್ನು ನಿಲ್ಲಿಸಿದರು, ಉಳುಮೆಗೆ ಎತ್ತು ಕೊಡುವುದನ್ನೂ. ಹಿರಿಯರ ಕೂಟ ಸೇರಿತು. ನಾನು ಇನ್ನೆಂದೂ ಕರು ಹರಚಬಾರದು ಎಂದರು. ಅದು ನನಗೆ ಬೇಕಾಗಿಯೂ ಇರಲಿಲ್ಲ. ಬಾಗಿಲಿನ ಮಾತನ್ನು ಇನ್ನು ಮೇಲೆ ಯಾರ ಸಾವಿನಲ್ಲೂ ಹೇಳಬಾರದು ಎಂದರು. ಅದು ಬಂದರೆ ಬೆಳ್ಳನಿಗೆ ಮಾಸಿ ನೆನಪಾಗುತ್ತಾಳೆ, ಜನ ಹಾಲನ ಮನೆ ಕಡೆ ನೋಡುತ್ತಾರೆ, ಜಗಳವಾಗುತ್ತದೆ. ಎಷ್ಟೋ ತಲೆಮಾರಿನಿಂದ ಬಂದ ಸಾಲನ್ನು ಒಂದು ಸಂಜೆ ಕೂತು ಕಿತ್ತು ಹಾಕಿದರು. ನಾನು ಮನೆಗೆ ಬಂದು ನನ್ನ ನೋಟುಬುಕ್ಕಿನಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದೆ.

ದೊಡ್ಡವ್ವೆ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ದಿನ ಬೆಳಿಗ್ಗೆ ಒಲೆಗೆ ಸೌದೆ ಇಡುವಾಗ ಒಂದೇ ಮಾತು ಕೇಳುತ್ತಿದ್ದಳು.

"ದಾಟಿದರೋ ಇಲ್ಲೆಯೋ ಮಗ?"

ನಾನು ಕೊಡೆ ಹಿಡಿದು ಶಾಲೆಗೆ ಹೊರಡುತ್ತಿದ್ದೆ. ಪತ್ರಿಕೆ ತೆರೆದರೆ ಅಕ್ಷರ ಹಿಡಿಯುತ್ತಿರಲಿಲ್ಲ. ಶೆಟ್ಟರು ಹೊಸ ಪ್ಲೇಟು ಬಂದಿದೆಯೆಂದು ಕರೆದರೆ ತಲೆನೋವೆಂದು ತಪ್ಪಿಸಿಕೊಂಡೆ. ಅವರು ಒಂದು ದಿನ, "ಅಲ್ಲ ಮೇಷ್ಟ್ರೇ, ನಾನು ಹೇಳಿದ್ದು ಕಥೆ ಬರೆಯೋಕೆ ಕಣಯ್ಯ," ಎಂದರು. ಅವರ ಕಿವಿಗೂ ಬಿದ್ದಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ನನಗೆ ಮುಖವಿರಲಿಲ್ಲ.

ಮಳೆ ಬಿಟ್ಟು ಆಕಾಶ ತೊಳೆದು, ಬೆಳಗಿನ ಹುಲ್ಲಿನ ಮೇಲೆ ಹಿಮ ಕೂರುವ ಕಾಲ ಬಂತು. ಹೊಲದಲ್ಲಿ ಎಲೆಯೆಲ್ಲ ಸುಟ್ಟು ಕರಿಯಾಯಿತು. ಒಂದು ಮಧ್ಯಾಹ್ನ ದೊಡ್ಡವ್ವೆ ಹೊಲಕ್ಕೆ ಹೋಗಿದ್ದ ಹೊತ್ತು ನೋಡಿ ಮಾದಿ ಹೆತ್ತೆ ನಮ್ಮ ಮನೆಗೆ ಬಂದಳು. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ಇವಳು ಬೆಳ್ಳನ ತಾಯಿ, ಮಾಸಿಯ ಅತ್ತೆ. ಆರು ತಿಂಗಳಿಂದ ನಮ್ಮ ಹೊಸ್ತಿಲು ಮೆಟ್ಟದ ಮನೆಯವಳು ಬಂದು ಒಲೆಯ ಮುಂದೆ ಕುಕ್ಕರಿಸಿದಾಗ ನಾನು ಎದ್ದು ನಿಂತುಬಿಟ್ಟೆ. ಅವಳ ಮುಖ ಇಳಿದುಹೋಗಿತ್ತು, ಉಸಿರು ಮೇಲಕ್ಕೇ ಇತ್ತು.

"ನೀ ಬರೆದು ಇಟ್ಟಿದ್ದೆಯಲ್ಲ," ಎಂದಳು. "ಬಾಗಿಲಿನ ಮಾತು. ಅದು ಇದೆಯಾ?"

"ಗೆರೆ ಹೊಡೆದೆ ಹೆತ್ತೆ. ಕೂಟದಲ್ಲಿ ತೆಗೆದರು."

"ತಿರುಗಿ ಹಾಕಿಸು."

ಅವಳು ಬೆಂಕಿಯನ್ನೇ ನೋಡುತ್ತ, ಯಾರದೋ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು.

"ಅವಳು ಮೊದಲು ಎನ್ನ ಬಾಗಿಲಿಗೇ ಬಂದಳು. ಅವಳ ಮನೆಯಲ್ಲವಾ ಅದು. ಮಾಮಿ ಮಾಮಿ ಅಂತ ಕರೆದಳು. ಅವಳ ಕೂಸು ಎನ್ನ ಮಡಿಲಲ್ಲಿತ್ತು. ಕೂಸಿಗೆ ಅಂಟಿದರೆ ಅಂತ ನಾ ತೆಗೀಲಿಲ್ಲೆ. ಕೂಸು ಅವ್ವೆಯ ದನಿ ಕೇಳಿ ಅತ್ತಿತು. ಅದರ ಬಾಯಿಗೆ ಕೈ ಇಟ್ಟೆ. ಅಲ್ಲಿಂದ ನಿಂಗಳ ಬಾಗಿಲಿಗೆ ಬಂದಳು. ಮಾಮಿ ತೆಗೀಲಿಲ್ಲೆ, ನಿಂಗಳಾದರೂ ತೆಗೀರಿ, ಅಂದಳು. ಗೋಡೆಯಾಚೆ ಎಲ್ಲ ಕೇಳ್ತಿತ್ತು ಎನಗೆ."

ಹಾಗಾದರೆ ದೊಡ್ಡಪ್ಪನಿಗೆ ಇದು ಗೊತ್ತಿತ್ತು. ಸಾಯುವಾಗಲೂ ಈ ಮುದುಕಿಯ ಹೆಸರು ಎತ್ತದೆ ತಮ್ಮದೊಂದನ್ನೇ ಹೇಳಿಕೊಂಡಿದ್ದರು.

"ದೊಡ್ಡವ್ವೆಗೂ ಗೊತ್ತಾ?" ಎಂದೆ.

"ಅವಳೂ ಒಳಗೇ ಇದ್ದಳಲ್ಲ. ಆವತ್ತು ಅಷ್ಟು ಜನರ ಮುಂದೆ ಒಂದು ಮಾತು ಅಂದಿದ್ದರೆ, ಮೊದಲು ಮಾದಿಯ ಬಾಗಿಲು ಕೇಳಿ ಅಂದಿದ್ದರೆ, ಎನ್ನ ಮಗ ಎನ್ನ ಮುಖ ನೋಡ್ತಿರಲಿಲ್ಲೆ. ಅನ್ನಲಿಲ್ಲೆ. ಇವತ್ತಿನವರೆಗೂ ಅನ್ನಲಿಲ್ಲೆ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಪ್ರತಿ ಸಾವಿನಲ್ಲೂ ಜೋಗಿ ಆ ಮಾತು ಹೇಳುವಾಗ ನಾ ಹಾಲನ ಕಡೆ ನೋಡ್ತಿದ್ದೆ, ಹಾಲ ಎನ್ನ ಕಡೆ. ಎರಡು ಮನೆಯವರೂ ಹೋಗಲಿ ಅಂತಿದ್ದೆವು. ಸತ್ತವರು ಯಾರೋ. ಎನ್ನದೂ ಒಂದಿಷ್ಟು ಹೋಯಿತು ಅಂದುಕೊಳ್ತಿದ್ದೆ. ಎನ್ನ ಸಾವಿನಲ್ಲಿ ಪೂರ ಹೋಗ್ತದೆ ಅಂತ ಕಾದುಕೊಂಡಿದ್ದೆ. ಈಗ ಆ ಮಾತೇ ಇಲ್ಲೆ. ನಾ ಹೆಂಗೆ ದಾಟಲಿ ಮಗ?"

ಜೋಗಿ ಎಲ್ಲರಿಗೂ ಯಾಕೆ ಒಂದೇ ಪಟ್ಟಿ ಹೇಳುತ್ತಿದ್ದನೆಂದು ನನಗೆ ಆ ಒಲೆಯ ಮುಂದೆ ತಿಳಿಯಿತು. ಮಾಡದವರೂ ಹೊತ್ತುಕೊಳ್ಳುತ್ತಿದ್ದರಿಂದ ಮಾಡಿದವರಿಗೆ ಇಳಿಸಲು ಜಾಗವಿತ್ತು. ನಾನು ಅದನ್ನು ಒಬ್ಬರ ತಲೆಗೆ ಕಟ್ಟಿ ಉಳಿದವರ ದಾರಿ ಮುಚ್ಚಿದ್ದೆ. ಹೋ ಎಂದು ಅಳಬೇಕೆನ್ನಿಸಿತು. ಅವಳ ಕಾಲು ಹಿಡಿದು, ಹಾಕಿಸುತ್ತೇನೆ, ಹೇಗಾದರೂ ಹಾಕಿಸುತ್ತೇನೆ ಎಂದೆ.

ಆವತ್ತೇ ಜೋಗಿಯ ಮನೆಗೆ ಹೋದೆ. ಅವನು ಬಿಸಿಲಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ಕೂತಿದ್ದ.

"ಜೋಗಿ, ಆ ಬಾಗಿಲಿನ ಮಾತನ್ನು ತಿರುಗಿ ಸೇರಿಸಬೇಕು."

"ಯಾರಿಗೋಸ್ಕರ?"

ಏನು ಹೇಳಲಿ? ಮಾದಿಯ ಹೆಸರು ಹೇಳಿದರೆ ಸಾಲು ವಾಪಸು ಬರುತ್ತಿತ್ತೋ ಏನೋ, ಅವಳ ಮಾನ ಹೋಗುತ್ತಿತ್ತು, ಮಗ ಹೋಗುತ್ತಿದ್ದ.

"ಯಾರಿಗೂ ಅಲ್ಲ. ಸುಮ್ಮನೆ."

"ಸುಮ್ಮನೆ ಯಾರೂ ಕೇಳೋದಿಲ್ಲೆ. ಈ ಸಲ ಯಾರ ತಲೆಗೆ ಕಟ್ಟಬೇಕು ಅಂತ ಬಂದೆ?" ಜೋಗಿಯ ಕಣ್ಣಿನಲ್ಲಿ ಹಳೆಯ ತಮಾಷೆ ಇರಲಿಲ್ಲ. "ನಿನಗೆ ಕಲಿಸಿದ್ದು ಎನ್ನ ತಪ್ಪು. ಅದಕ್ಕೆ ಒಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು."

ಕೈಮುಗಿದು ಅತ್ತುಬಿಟ್ಟೆ. ಮೂರು ದಿನ ಹೋಗಿ ಅವನ ಮುಂದೆ ಕೂತೆ. ಕೂಟ ನಡೆಸುವ ಹಟ್ಟಿಯ ಗೌಡರ ಮನೆಗೂ ಹೋದೆ. ಅವರೂ ಯಾಕೆ ಎಂದು ಕೇಳಿದರು. ಅಲ್ಲಿಯೂ ಬಾಯಿ ಮುಚ್ಚಿಕೊಂಡು ವಾಪಸು ಬಂದೆ. ಮಾತಾಡಿ ಕೆಡಿಸಿದವನು ಈಗ ಮಾತಾಡದೆ ಕೆಡಿಸುತ್ತಿದ್ದೇನೆ ಎನ್ನಿಸಿ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಅಂಗಳದಲ್ಲಿ ಎದುರಾದಾಗಲೆಲ್ಲ ಮಾದಿ ನನ್ನ ಮುಖ ನೋಡುತ್ತಿದ್ದಳು. ಇನ್ನೂ ಇಲ್ಲ ಎಂದು ನಾನು ತಲೆಯಾಡಿಸುತ್ತಿದ್ದೆ. ಮೂರನೆಯ ವಾರ ಅವಳು ಅಂಗಳಕ್ಕೆ ಬರುವುದನ್ನು ನಿಲ್ಲಿಸಿದಳು. ಅದೇ ವಾರದ ಕೊನೆಗೆ, ಹಿಮ ಕರಗುವ ಹೊತ್ತಿಗೆ, ಬೆಳ್ಳನ ಮನೆಯಿಂದ ಅಳು ಕೇಳಿಸಿತು.

ಸಾವಿಗೆ ಜಗಳವಿಲ್ಲ, ಎಲ್ಲರೂ ಹೋಗಬೇಕು. ನಾನೂ ದೊಡ್ಡವ್ವೆಯೂ ಹೋದೆವು. ಒಳ್ಳೆಯ ಬಿಸಿಲಿತ್ತು. ಮಾದಿಯನ್ನು ಅದೇ ಹುಲ್ಲಿನ ಮೇಲೆ ಮಲಗಿಸಿದ್ದರು. ಬೆಳ್ಳ ಕಾಲಿನ ಕಡೆ ನಿಂತಿದ್ದ, ಅವನ ಪಕ್ಕದಲ್ಲಿ ಮಾಸಿಯ ಮಗಳು, ಈಗ ಎಂಟು ವರ್ಷದವಳು, ಅಜ್ಜಿಯ ಹೊದಿಕೆಯ ಚುಂಗು ಹಿಡಿದುಕೊಂಡಿದ್ದಳು. ಜೋಗಿಗೆ ಆವತ್ತು ಎದೆ ಹಗುರವಿತ್ತು. ದನಿ ಚೆನ್ನಾಗಿ ಹೊರಟಿತು. ನಾನು ಗುಂಪಿನ ಹಿಂದೆ ನಿಂತು ಪ್ರತಿಯೊಂದಕ್ಕೂ ಹೋಗಲಿ ಎನ್ನುತ್ತಿದ್ದೆ. ಒಂದೊಂದು ಸಾಲು ಬಂದಾಗಲೂ, ಕೊನೆಯ ಗಳಿಗೆಯಲ್ಲಾದರೂ ಜೋಗಿ ಮನಸ್ಸು ಬದಲಿಸಲಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

"ಬಾಯಾರಿ ಬಂದ ಹಸುವನ್ನು ನೀರಿನಿಂದ ಅಟ್ಟಿದ ಪಾಪ," ಎಂದ ಜೋಗಿ.

"ಹೋಗಲಿ," ಎಂದರು ಜನ.

ಜೋಗಿ ಉಸಿರು ತೆಗೆದುಕೊಂಡ. ಐವತ್ತು ವರ್ಷದ ಅಭ್ಯಾಸ, ಬಾಯಿ ಆ ಸಾಲಿಗೆ ತಯಾರಾಗಿಬಿಟ್ಟಿತ್ತು. ತುಟಿ ಅಲುಗಿತು. ಅವನು ತಡೆದು ನಿಂತ, ಮುಂದಿನದನ್ನು ನೆನಪಿಸಿಕೊಳ್ಳುವವನಂತೆ. ಆ ಖಾಲಿಯಲ್ಲಿ ಹೆಂಗಸರ ಗುಂಪಿನಿಂದ ಒಂದು ದನಿ ಬಂತು.

"ಹೋಗಲಿ."

ದೊಡ್ಡವ್ವೆಯ ದನಿ. ಗಟ್ಟಿಯಾಗಿ, ತಡವರಿಸದೆ ಹೇಳಿದಳು. ಜನ ತಿರುಗಿ ನೋಡಿದರು. ಜೋಗಿ ಅವಳನ್ನೂ ನೋಡಿದ, ಹೆಣದ ಮುಖವನ್ನೂ ನೋಡಿದ, ಏನೂ ಹೇಳದೆ ಮುಂದಿನ ಪಾಪಕ್ಕೆ ಹೋದ. ನಾನು ದನಿಗೂಡಿಸಲಿಲ್ಲ. ನನ್ನ ದನಿ ಕೇಳಿದ್ದರೆ ಎಲ್ಲರೂ ಕಾರಣ ಹುಡುಕುತ್ತಿದ್ದರು.

ಎಲ್ಲ ಮುಗಿದು ಹಿಂದಿರುಗುವಾಗ ಬೆಳ್ಳ ದಾರಿಯಲ್ಲಿ ನಿಂತಿದ್ದ. ಆರು ತಿಂಗಳಲ್ಲಿ ಮೊದಲ ಸಲ ನಮ್ಮೊಂದಿಗೆ ಮಾತಾಡಿದ.

"ಜೋಗಿ ಏನೂ ಹೇಳದಾಗ ಯಾಕೆ ಹೋಗಲಿ ಅಂದೆ ದೊಡ್ಡವ್ವೆ?"

"ವಯಸ್ಸಾಯಿತು ಮಗ. ಕಿವಿ ಕೇಳೋದಿಲ್ಲೆ. ಹೇಳಿದ ಅಂದುಕೊಂಡೆ."

ಬೆಳ್ಳ ತಲೆಯಾಡಿಸಿ ದಾರಿ ಬಿಟ್ಟ. ಅವಳು ಮುಂದೆ, ನಾನು ಹಿಂದೆ, ಹೊಲದ ಅಂಚಿನಲ್ಲಿ ನಡೆದೆವು. ಅವಳ ಕಿವಿ ಚುರುಕೆಂದು ನನಗೆ ಗೊತ್ತಿತ್ತು. ತಡೆಯಲಾಗದೆ ಕೇಳಿಬಿಟ್ಟೆ.

"ದೊಡ್ಡಪ್ಪನಿಗೆ ಆ ಮಾತು ಯಾರೂ ಕೊಡಲಿಲ್ಲವಲ್ಲ ದೊಡ್ಡವ್ವೆ?"

"ಇಲ್ಲೆ," ಎಂದಳು. ತಿರುಗಿ ನೋಡಲಿಲ್ಲ. "ಎಲ್ಲರೂ ಕೊಡೋರೇ ಇದ್ದರು. ನೀ ಬಿಡಲಿಲ್ಲೆ."